0.50 ರೈಫಲ್‌ಗೆ ಯಾವ ಅಳತೆಯ ಸೀಸದ ಗುಂಡು?

ಪ್ರಶ್ನೆ: ನಾವು ಮಲ್ಪೆಯವರು. ಅಮೆರಿಕದಲ್ಲಿರುವ ಮಗ ಗುರಿ ಅಭ್ಯಾಸಕ್ಕೆಂದು, ನಳಿಗೆಯ ಬಾಯಿಯಿಂದ ಮದ್ದು ತುಂಬುವ 0.50 ಇಂಚಿನ ರೈಫಲ್ ಕೊಂಡಿದ್ದಾನೆ. 0.495 ಇಂಚಿನ ಅಚ್ಚಿನಲ್ಲಿ ಎರಕ ಹೊಯ್ದ ಗುಂಡು ಒಳಗೆ ಇಳಿಯುವುದೇ ಇಲ್ಲವಂತೆ, ಮೈಯೆಲ್ಲ ಸುಕ್ಕು ಬೇರೆ. ನಾನು ಬೀಸುಬಲೆಗೆ ಸೀಸದ ಮಣಿ ಎರಕ ಹೊಯ್ಯುವವನು, ಹಾಗಾಗಿ ನನ್ನನ್ನೇ ಕೇಳುತ್ತಾನೆ.

ಉತ್ತರ: ಗುಂಡಿನ ಜೊತೆ ಎಷ್ಟು ದಪ್ಪದ ಬಟ್ಟೆ ಸುತ್ತುತ್ತಾನೆ ಎಂದು ಮೊದಲು ಕೇಳಿ. ಗುಂಡು ನಳಿಗೆಯನ್ನು ನೇರವಾಗಿ ಮುಟ್ಟುವುದಿಲ್ಲ. ಎಣ್ಣೆ ಸವರಿದ ಹತ್ತಿ ಬಟ್ಟೆಯೇ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. 0.495ರ ಗುಂಡಿಗೆ 0.018 ಇಂಚಿನ ಬಟ್ಟೆ ಸುತ್ತಿದರೆ ಎರಡೂ ಬದಿ ಸೇರಿ ಒಟ್ಟು 0.531 ಆಯಿತು. ನಳಿಗೆ 0.500; ಬಟ್ಟೆ ಒತ್ತಿ ಗೀರಿನೊಳಗೆ ಸೇರುವುದರಿಂದ ಸ್ವಲ್ಪ ಹೆಚ್ಚಿದ್ದರೆ ನಡೆದೀತು, ಇಷ್ಟಾದರೆ ಸುತ್ತಿಗೆಯಿಂದ ಬಡಿದು ಇಳಿಸಬೇಕಾಗುವುದು ಸಹಜ. 0.490ರ ಗುಂಡಿಗೆ 0.015ರ ಬಟ್ಟೆ ಸುತ್ತಿದರೆ 0.520. ಹೆಚ್ಚಿನ 0.50 ರೈಫಲ್‌ಗಳಿಗೆ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. 0.495 ಬಿಡಲು ಮನಸ್ಸಿಲ್ಲದಿದ್ದರೆ ಬಟ್ಟೆಯನ್ನು 0.010ಕ್ಕೆ ಇಳಿಸಲಿ. ನೈಲಾನ್ ಮಿಶ್ರಣದ ಬಟ್ಟೆ ಬೇಡ, ಬಿಸಿಗೆ ಕರಗಿ ಅಂಟುತ್ತದೆ.

ಹೊಸ ಅಚ್ಚು ಕೊಳ್ಳುವ ಮೊದಲು ಎರಡೂ ಅಳತೆಯ ಸಿದ್ಧ ಗುಂಡು ಐವತ್ತೈವತ್ತು ತರಿಸಿ ಹೊಡೆದು ನೋಡಲಿ. ಆಮೇಲೆ ನೆಲಕ್ಕೆ ಬಿದ್ದ ಬಟ್ಟೆಗಳನ್ನು ಹೆಕ್ಕಿ ಬಿಡಿಸಲಿ. ಮಧ್ಯೆ ಮಸಿಯ ವೃತ್ತವಿದ್ದು ಅಂಚು ಗಟ್ಟಿಯಿದ್ದರೆ ಜೋಡಿ ಸರಿ. ತೂತು ಬಿದ್ದಿದ್ದರೆ ಬಟ್ಟೆ ತೆಳು, ಇಲ್ಲವೇ ಗೀರಿನ ಅಂಚು ಹರಿತ. ಸುಟ್ಟಿದ್ದರೆ ಎಣ್ಣೆ ಸಾಲದು.

ಗೀರಿನ ಸುತ್ತನ್ನೂ ನೋಡಲಿ. 60 ಇಂಚಿಗೆ ಒಂದು ಸುತ್ತಿನಂಥ ನಿಧಾನದ ತಿರುವು ದುಂಡು ಗುಂಡಿಗೆ ಹೇಳಿಸಿದ್ದು. 48 ನಡೆಯುತ್ತದೆ. 28 ಇದ್ದರೆ ಅದು ಉದ್ದನೆಯ ಗುಂಡಿನ ನಳಿಗೆ.

ಇನ್ನು ಸುಕ್ಕು. ಇದು ನಿಮಗೇ ಗೊತ್ತಿರುವ ರೋಗ: ಅಚ್ಚು ತಣ್ಣಗಿದೆ, ಇಲ್ಲವೇ ಒಳಗೆ ಎಣ್ಣೆ ಉಳಿದಿದೆ. ಮೊದಲು ಬಂದ ಹತ್ತು-ಹದಿನೈದು ಗುಂಡುಗಳನ್ನು ಮತ್ತೆ ಪಾತ್ರೆಗೇ ಹಾಕಿ, ಅಚ್ಚು ಕಾಯುವವರೆಗೆ ಹೊಯ್ಯಬೇಕು. ಮೈ ಮಂಜಿನಂತೆ ಮಾಸಿದರೆ ಕಾವು ಹೆಚ್ಚಾಯಿತು. ಆದರೆ ಬಲೆಯ ಮಣಿಗೆ ಯಾವ ಸೀಸವೂ ನಡೆದೀತು, ಇಲ್ಲಿ ನಡೆಯದು. ಗಾಡಿಯ ಚಕ್ರಕ್ಕೆ ಬಡಿಯುವ ತೂಕದ ಸೀಸದಲ್ಲಿ ಆಂಟಿಮನಿ ಇರುತ್ತದೆ. ಅದು ಗಟ್ಟಿ, ಆರಿದಾಗ ಕುಗ್ಗುವುದೂ ಕಡಿಮೆ. ಅದೇ ಅಚ್ಚಿನಿಂದ ಗುಂಡು ದೊಡ್ಡದಾಗಿ ಬರುತ್ತದೆ. ನಿಮ್ಮ ಮಗನ ತೊಂದರೆಗೆ ಇದೂ ಕಾರಣವಿರಬಹುದು. ಉಗುರಿನಿಂದ ಗೀರಿದರೆ ಗುರುತು ಬೀಳುವ ಮೆದು ಸೀಸವೇ ಬೇಕು.

ಶುದ್ಧ ಸೀಸದ 0.490 ಗುಂಡು ಸುಮಾರು 11.5 ಗ್ರಾಂ, ಅಂದರೆ 177 ಗ್ರೇನ್ ತೂಗುತ್ತದೆ. ಒಂದೊಂದನ್ನೂ ತೂಗಿ, ಉಳಿದವಕ್ಕಿಂತ ಹಗುರವಾದದ್ದನ್ನು ಕರಗಿಸಲಿ. ಒಳಗೆ ಗಾಳಿಗುಳ್ಳೆ ಇರುತ್ತದೆ. ಹೊಯ್ದ ಜಾಗದ ಚಪ್ಪಟೆ ಗುರುತು ಮೇಲೆ, ನಟ್ಟನಡುವೆ ಬರುವಂತೆ ತುಂಬಲಿ.

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರೊಳಗೆ ಬೆವರಿನ ಒಂದು ಹನಿ ಇಳಿದರೂ ಆವಿಯಾಗಿ ಸೀಸ ಮುಖಕ್ಕೆ ಸಿಡಿಯುತ್ತದೆ. ಗಾಳಿಯಾಡುವ ಜಾಗ, ಕನ್ನಡಕ, ಅಡುಗೆಗೆ ಬಳಸದ ಪಾತ್ರೆ ಕಡ್ಡಾಯ.

ಗುಂಡು ಮದ್ದಿಗೆ ತಾಗಿ ಕೂರಲೇಬೇಕು. ನಡುವೆ ಉಳಿದ ಖಾಲಿ ಜಾಗ ನಳಿಗೆಯನ್ನೇ ಉಬ್ಬಿಸೀತು, ಒಡೆದೀತು. ಜಡಿಯುವ ಕೋಲಿನ ಮೇಲೆ ಗುರುತು ಹಾಕಿಕೊಂಡು ಪ್ರತಿ ಸಲ ನೋಡಲಿ. ಕರಿಮದ್ದು ಬಿಟ್ಟು ಈಗಿನ ಹೊಗೆರಹಿತ ಮದ್ದನ್ನು ಎಂದಿಗೂ ತುಂಬಬಾರದು.

ಊರಿಗೆ ಬರುವಾಗ ಕೋವಿ ಅಲ್ಲೇ ಇರಲಿ. ಬಾಯಿಯಿಂದ ತುಂಬುವ ಕೋವಿಗೂ ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು.