ಅತ್ತೆಗೆ ನಿದ್ದೆಯಿಲ್ಲ, ಕೌನ್ಸೆಲರ್ ಬೇಡ ಅಂತಾರೆ

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿದ್ದೇನೆ. ಗಂಡ ಫಿಲಿಪಿನೋ. ಅತ್ತೆ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕೋವಿಡ್‌ನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಗೆಳತಿಯರು ತೀರಿಕೊಂಡರು. ಆಗಿನಿಂದ ಅತ್ತೆಗೆ ನಿದ್ದೆಯಿಲ್ಲ, ತಲೆನೋವು, ಎದೆ ಭಾರ. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಒಮ್ಮೆ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. 'ಊರಿಗೆ ದುಡ್ಡು ಕಳಿಸುವುದು ನಿಲ್ಲಿಸಿ, ನಿಮ್ಮನ್ನು ನೋಡಿಕೊಳ್ಳಿ' ಎಂದರಂತೆ. ಮತ್ತೆ ಹೋಗಲಿಲ್ಲ. 'ನನಗೇನು ಹುಚ್ಚಾ? ಚರ್ಚಿಗೆ ಹೋಗುತ್ತೇನಲ್ಲ, ಸಾಕು' ಎನ್ನುತ್ತಾರೆ. ಒತ್ತಾಯ ಮಾಡಲಾ, ಬಿಡಲಾ?

ಉತ್ತರ: ಒತ್ತಾಯ ಬೇಡ. ಹಾಗಂತ ಕೈ ಬಿಡಲೂ ಬೇಡಿ. ನನಗನಿಸುವಂತೆ ನಿಮ್ಮ ಅತ್ತೆಗೆ ಚುಚ್ಚಿದ್ದು ಕೌನ್ಸೆಲರ್ ಆಡಿದ ಆ ಒಂದು ಮಾತು.

ಫಿಲಿಪೀನ್ಸ್‌ನ ಟಗಾಲೊಗ್ ಭಾಷೆಯಲ್ಲಿ 'ಉತಾಂಗ್ ನ ಲೊಓಬ್' ಎನ್ನುತ್ತಾರೆ. ಒಳಗಿನ ಸಾಲ ಅಂತ ಅರ್ಥ. ನಮ್ಮ 'ಋಣ'ಕ್ಕೆ ತುಂಬಾ ಹತ್ತಿರದ ಮಾತು, ಅಲ್ವಾ? ಓದಿಸಿದವರ, ಸಾಕಿದವರ ಋಣ ಅದು. ದಾವಣಗೆರೆಯಲ್ಲಿರುವ ನಿಮ್ಮ ತಾಯಿಗೆ ಯಾರಾದರೂ 'ತವರಿನ ಚಿಂತೆ ಬಿಡಿ' ಅಂದರೆ ಅವರೂ ಎದ್ದು ಬರುತ್ತಿದ್ದರು. ದುಡ್ಡು ಕಳಿಸುವುದು ಕಾಯಿಲೆಯಲ್ಲ. ಆದರೆ ಅದು ಯಾವಾಗ ಸಂತೋಷ ಕೊಡುತ್ತದೆ, ಯಾವಾಗ ಭಾರ ಅನಿಸುತ್ತದೆ ಎಂದು ಕೇಳಬಹುದಿತ್ತು. ಆ ಪ್ರಶ್ನೆಗೆ ಅವರು ಬಹುಶಃ ಒಂದು ಗಂಟೆ ಮಾತಾಡುತ್ತಿದ್ದರು.

ಫಿಲಿಪೀನ್ಸ್‌ನ ಮನಶ್ಶಾಸ್ತ್ರಜ್ಞ ವಿರ್ಜಿಲಿಯೊ ಎನ್ರಿಕೆಜ್ 1970ರ ದಶಕದಲ್ಲಿ ಇದನ್ನೇ ಹಿಡಿದು ಹೊರಟರು. ಅಮೆರಿಕದ ಪುಸ್ತಕದ ಅಳತೆಯಲ್ಲಿ ನಮ್ಮವರ ಮನಸ್ಸು ಅಳೆಯಬೇಡಿ ಎಂದರು. ಅವರು ಎತ್ತಿ ಹಿಡಿದ ಮಾತು 'ಕಪ್ವಾ', ಅಂದರೆ ನಾನೂ ನೀನೂ ಬೇರೆಯಲ್ಲ ಎನ್ನುವ ಭಾವ. ಹೊರಗಿನವರನ್ನು ಫಿಲಿಪಿನೋಗಳು 'ಇಬಾಂಗ್ ತಾವೊ' ಎನ್ನುತ್ತಾರೆ. ಹೊರಗಿನವರ ಮುಂದೆ ಮರ್ಯಾದೆಯ ಮಾತಷ್ಟೇ. ನಮ್ಮವರು ಅನಿಸಿದ ಮೇಲೇ ಒಳಗಿನದು ಹೊರಗೆ ಬರುವುದು. ಅದಕ್ಕೇ ಮೊದಲ ದಿನ ಫಾರ್ಮ್ ತುಂಬಿಸಿ, 'ಹೇಗನಿಸುತ್ತಿದೆ?' ಅಂದರೆ 'ಚೆನ್ನಾಗಿದ್ದೇನೆ' ಎಂಬ ಉತ್ತರ ಬರುತ್ತದೆ. ಜೊತೆಗೆ 'ಹಿಯಾ', ಅಂದರೆ ನಾಚಿಕೆ, ಮಾನದ ಭಯ. ಊರು, ಮಕ್ಕಳು, ಊಟ ಅಂತ ಸುಮ್ನೆ ಹರಟೆಯಿಂದ ಶುರು ಮಾಡುವವರು ನಿಮ್ಮ ಅತ್ತೆಗೆ ಬೇಕು.

ಅವರ ದುಃಖ ಚಿಕ್ಕದಲ್ಲ. ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪಿನೋಗಳು ಸುಮಾರು ಶೇ. 4. ನ್ಯಾಷನಲ್ ನರ್ಸಸ್ ಯುನೈಟೆಡ್ ಸಂಘ 2020ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯಂತೆ, ಕೋವಿಡ್‌ಗೆ ಬಲಿಯಾದ ನರ್ಸ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅವರೇ. ಅದನ್ನು ಓದಿದಾಗ ನನಗೆ ತುಂಬಾ ಹೊತ್ತು ಏನೂ ತೋಚಲಿಲ್ಲ. ಸಾವಿನ ನಂತರ ಒಂಬತ್ತು ರಾತ್ರಿ ಸೇರಿ ಪ್ರಾರ್ಥನೆ ಮಾಡುವ 'ಪಾಸಿಯಾಮ್' ಅವರಲ್ಲಿದೆ. ಆ ದಿನಗಳಲ್ಲಿ ಜನ ಸೇರುವಂತೆಯೇ ಇರಲಿಲ್ಲ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ತಿಥಿ ಸರಿಯಾಗಿ ಆಗಲಿಲ್ಲ ಎಂಬ ನೋವು ಇನ್ನೂ ಇದೆ. ಹಾಗಾಗಿ ಚರ್ಚನ್ನು ಚಿಕಿತ್ಸೆಗೆ ಎದುರಾಳಿ ಮಾಡಬೇಡಿ. ಆ ಇಬ್ಬರ ಹೆಸರಲ್ಲಿ ಮನೆಯಲ್ಲೇ ಒಂದು ಪ್ರಾರ್ಥನೆ ಇಟ್ಟುಕೊಳ್ಳೋಣವೇ ಎಂದು ಕೇಳಿ.

ಜೊತೆಗೇ ಬೇರೆ ಥೆರಪಿಸ್ಟ್ ಹುಡುಕಿ. ನಿಮ್ಮ ಕಡೆ ಫಿಲಿಪಿನೋಗಳು ಜಾಸ್ತಿ ಇರುವುದರಿಂದ ಅವರಲ್ಲೇ ಒಬ್ಬರು ಸಿಗಬಹುದು. ಸಿಗದಿದ್ದರೆ ಮೊದಲು ಫೋನಿನಲ್ಲಿ ಕೇಳಿ: ವಲಸೆ ಬಂದ ಫಿಲಿಪಿನೋ ಹಿರಿಯರ ಜೊತೆ ಕೆಲಸ ಮಾಡಿದ್ದೀರಾ? ಊರಿಗೆ ದುಡ್ಡು ಕಳಿಸುವವರ ಬಗ್ಗೆ ಏನನ್ನುತ್ತೀರಿ? ಅತ್ತೆ ಪ್ರಾರ್ಥನೆ ಮಾಡುವುದು ಯಾವ ಭಾಷೆಯಲ್ಲಿ ಎಂದು ತಿಳಿದುಕೊಳ್ಳಿ. ಎಲ್ಲರ ಮನೆಮಾತು ಟಗಾಲೊಗ್ ಅಲ್ಲ, ಇಲೊಕಾನೊ ಇರಬಹುದು, ಬಿಸಾಯಾ ಇರಬಹುದು. ನೀವಾಗಲಿ ನಿಮ್ಮ ಗಂಡನಾಗಲಿ ದುಭಾಷಿಯಾಗಿ ಕೂರಬೇಡಿ. ಮಗನ ಮುಂದೆ ಯಾವ ತಾಯಿ ಎಲ್ಲ ಹೇಳಿಯಾಳು?

'ಮನಸ್ಸಿನ ಕಾಯಿಲೆ' ಅನ್ನುವ ಮಾತೇ ಬೇಡ. 'ನಿದ್ದೆಗೆ ಏನಾದರೂ ಮಾಡೋಣ' ಅನ್ನಿ, ಅದು ನಿಜವೂ ಹೌದು. ಆದರೆ ಬದುಕು ಬೇಡ ಎನ್ನುವ ಮಾತು ಬಂದರೆ ಕಾಯಬೇಡಿ. ತಕ್ಷಣ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ.

ಈ ಭಾನುವಾರ ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತು, ಆ ಗೆಳತಿಯರ ಹೆಸರು ಕೇಳಿ. ಅವರು ಏನು ಚೆನ್ನಾಗಿ ಅಡುಗೆ ಮಾಡುತ್ತಿದ್ದರು ಅಂತ ಕೇಳಿ. ಉತ್ತರ ಬರುವ ತನಕ ಅಲ್ಲೇ ಇರಿ.