ಮೊದಲ ಮಾತು ಯಾವಾಗ ಬಂತು?

ಪತ್ರ: ನನ್ನ ಮಗನಿಗೆ 11 ವರ್ಷ, ಆಟಿಸಂ ಇದೆ. ಸಂಶೋಧನೆಗೆಂದು ಬಂದವರು ಅವನ ರಕ್ತ, ಮಿದುಳಿನ ಸ್ಕ್ಯಾನ್, ಆಟವಾಡುವ ವಿಡಿಯೊ ಕೇಳಿದರು. ಒಪ್ಪಿದೆ. ಆದರೆ ಒಪ್ಪಿಗೆ ಪತ್ರದಲ್ಲಿ ‘ಮುಂದೆ ಬೇರೆ ಸಂಶೋಧಕರಿಗೂ ಕೊಡಬಹುದು’ ಎಂಬ ಸಾಲಿಗೆ ಸಹಿ ಹಾಕಲಿಲ್ಲ. ಮನೆಯವರು ಸರಿಯಾಗಿ ಮಾಡಿದೆ ಅನ್ನುತ್ತಾರೆ. ನೀವೇನಂತೀರಿ?
ಹೆಸರು ಬೇಡ, ಶಿವಮೊಗ್ಗ

ಉತ್ತರ: ತಾಯಿ, ನಿಮ್ಮ ಅಂಜಿಕೆ ಸುಳ್ಳಲ್ಲ. ಹೆಸರು ಅಳಿಸಿದರೂ ಡಿಎನ್‌ಎಯೇ ಗುರುತು. ವಿಡಿಯೊದಲ್ಲಂತೂ ಮುಖವೇ ಇರುತ್ತದೆ. 2021ರ ಆಗಸ್ಟ್‌ನಲ್ಲಿ ಕೇಂಬ್ರಿಜ್‌ನವರು ಬ್ರಿಟನ್ನಿನ 10,000 ಆಟಿಸಂ ಇರುವವರ ಡಿಎನ್‌ಎ ಕೂಡಿಸುವ ‘ಸ್ಪೆಕ್ಟ್ರಮ್ ಟೆನ್ ಕೆ’ ಶುರುಮಾಡಿದರು. ನಾಳೆ ಇದು ಯಾರ ಕೈಸೇರುತ್ತದೆ ಎಂದು ಆಟಿಸಂ ಇರುವವರೇ ತಿರುಗಿಬಿದ್ದರು. ಮರುತಿಂಗಳೇ ಕೆಲಸ ತಡೆಹಿಡಿಯಬೇಕಾಯಿತು.

ಇಷ್ಟು ಒಪ್ಪಿಕೊಂಡು ಈಗ ಜಗಳಕ್ಕೆ ಬರುತ್ತೇನೆ.

ನನ್ನ ತಂಗಿಯ ಮಗನನ್ನು ಮೂರು ಕಡೆ ತೋರಿಸಿದ್ದೆವು. ಮೂರು ಕಡೆಯೂ ಅದೇ ಪ್ರಶ್ನೆ: ಮೊದಲ ಮಾತು ಯಾವಾಗ ಬಂತು? ತಂಗಿ ಮೊದಲ ಸಲ ‘ಎರಡು ವರ್ಷಕ್ಕೆ’ ಅಂದಳು. ಎರಡನೇ ಸಲ ‘ಎರಡೂವರೆ ಇರಬೇಕು’. ಮೂರನೇ ಸಲದ ಹೊತ್ತಿಗೆ ಅವನು ‘ಅತ್ತೆ’ ಅಂದದ್ದು ಮಾತೋ ಬರೀ ಸದ್ದೋ ಎಂದು ಅವಳಿಗೇ ಅನುಮಾನ. ಒಬ್ಬರು ತಿಂಗಳ ಲೆಕ್ಕದಲ್ಲಿ ಬರೆದುಕೊಂಡರು, ಇನ್ನೊಬ್ಬರು ‘ತಡ’ ಎಂಬುದರ ಮುಂದೆ ಗುರುತು ಹಾಕಿದರು, ಮೂರನೆಯವರು ಬರೆದದ್ದನ್ನು ತೋರಿಸಲೇ ಇಲ್ಲ. ನಾಳೆ ಯಾರಾದರೂ ಈ ಫೈಲುಗಳನ್ನು ಒಟ್ಟುಗೂಡಿಸಿದರೆ ನಮ್ಮ ಹುಡುಗ ಮೂರು ಹುಡುಗರಾಗುತ್ತಾನೆ! ಅಮೆರಿಕದ ರಾಷ್ಟ್ರೀಯ ಆಟಿಸಂ ದತ್ತಾಂಶ ಕೋಶದವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಹೆಸರು, ಹುಟ್ಟಿದ ದಿನ, ಹುಟ್ಟೂರು ಸಂಶೋಧಕರ ಬಳಿಯೇ ಉಳಿಯುತ್ತವೆ. ಅವುಗಳಿಂದ ಹುಟ್ಟಿದ ಒಂದು ಸಂಕೇತವಷ್ಟೇ ಆಚೆ ಹೋಗುತ್ತದೆ. ಮಗು ಎಷ್ಟು ಅಧ್ಯಯನಕ್ಕೆ ಸೇರಿದರೂ ಅದೇ ಸಂಕೇತ.

2012ರಲ್ಲಿ ‘ಅಬೈಡ್’ ಹೆಸರಿನಲ್ಲಿ 17 ಪ್ರಯೋಗಾಲಯಗಳು ತಮ್ಮ ಬೀರು ತೆರೆದು 1,112 ಜನರ ಮಿದುಳಿನ ಸ್ಕ್ಯಾನ್ ಹೊರಗಿಟ್ಟವು. ಅದರಲ್ಲಿ 539 ಜನ ಆಟಿಸಂ ಇದ್ದವರು, ಉಳಿದವರು ಹೋಲಿಕೆಗೆಂದು ಸೇರಿಸಿದ ಆಟಿಸಂ ಇಲ್ಲದವರು. ಯಂತ್ರಗಳು ಬೇರೆಬೇರೆ. ಕೆಲವೆಡೆ ಕಣ್ಣು ಮುಚ್ಚಿಸಿ, ಕೆಲವೆಡೆ ತೆರೆಸಿ ತೆಗೆದದ್ದು. ಕಂಡ ವ್ಯತ್ಯಾಸ ಮಿದುಳಿನದೋ ಯಂತ್ರದ್ದೋ ಎಂಬ ತಕರಾರು ಇಂದಿಗೂ ಇದೆ. ಇರಲಿ. ಸ್ಕ್ಯಾನ್‌ಗಳು ಬೀರುವಿನಲ್ಲೇ ಇದ್ದಿದ್ದರೆ ತಕರಾರು ತೆಗೆಯುವವರು ಯಾರು? ಆ 17ರಲ್ಲಿ ಭಾರತದ್ದು ಒಂದೂ ಇಲ್ಲ. ನಿಮ್ಮ ಮಗನಂಥ ಮಕ್ಕಳನ್ನು ಬಿಟ್ಟೇ ಲೆಕ್ಕ ನಡೆದಿದೆ.

ಮೈಸೂರು ಸೀಮೆಯ ಶಾಸನಗಳನ್ನು ಕೂಡಿಸಿದ ಬಿ.ಎಲ್. ರೈಸ್ ನನ್ನ ಹಳೆಯ ಹುಚ್ಚು, ಓದುಗರಿಗೆ ಗೊತ್ತು. ಶಾಸನ ಓದಿ ತನ್ನ ತೀರ್ಮಾನವನ್ನಷ್ಟೇ ಅಚ್ಚು ಹಾಕಿಸಿ ಆತ ಕೂರಬಹುದಿತ್ತು. ಆದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳ ಮೂಲಪಾಠವನ್ನೇ ಕೊಟ್ಟ. ಅದಕ್ಕೇ ಮುಂದಿನವರು ಅವನನ್ನು ತಿದ್ದಲು ಸಾಧ್ಯವಾಯಿತು. ಕಲ್ಲಿಗೆ ನಾಚಿಕೆಯಿಲ್ಲ, ಮಗುವಿಗಿದೆ ಎನ್ನುತ್ತೀರಿ, ನಿಜ. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೀಗ ಬಿದ್ದಿರುವುದು ಮಗುವಿನ ನಾಚಿಕೆ ಕಾಯಲಿಕ್ಕಲ್ಲ. ಪಿಎಚ್‌.ಡಿ. ಮುಗಿದ ಮೇಲೆ ಪ್ರಶ್ನಾವಳಿಗಳು ಮಾರ್ಗದರ್ಶಕರ ಕೋಣೆಯಲ್ಲಿ ದೂಳು ತಿನ್ನುತ್ತವೆ, ಅವರು ನಿವೃತ್ತರಾದ ದಿನ ರದ್ದಿಗೆ ಹೋಗುತ್ತವೆ. ಯಾವುದೋ ಸಮೀಕ್ಷೆಯ ಅಂಕಿಗಳನ್ನು ಕೇಳಿಕೊಂಡು ನಾನೇ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದೇನೆ. ನಾಲ್ಕು ಸಲವೂ ‘ಸಾಹೇಬರು ಊರಲ್ಲಿಲ್ಲ’.

ಹಾಗಾಗಿ ತಾಯಿ, ಆ ಸಾಲನ್ನು ಹೊಡೆದುಹಾಕಬೇಡಿ, ತಿದ್ದಿಸಿ. ಸ್ಕ್ಯಾನ್ ಕೊಡಿ, ವಿಡಿಯೊ ಬೇಡ ಅನ್ನಿ. ಯಾರಾದರೂ ಕೇಳಿದಾಗ ನಿಮಗೊಂದು ಪತ್ರ ಬರಲಿ ಅನ್ನಿ. ಹುಡುಗನನ್ನೂ ಕೇಳಿ; ಮಾತು ಕಡಿಮೆಯಿದ್ದರೂ ಬೇಡ ಅನ್ನಲು ಅವನಿಗೆ ಬಂದೇ ಬರುತ್ತದೆ. ಅಲ್ಲಿಗೆ ಹೋದಾಗ ಅವನ ಫೈಲಿನಲ್ಲಿ ಮೊದಲ ಮಾತು ಯಾವ ವಯಸ್ಸಿಗೆ ಬಂತೆಂದು ಬರೆದಿದ್ದಾರೋ ನೋಡಿಕೊಂಡು ಬನ್ನಿ.