ಹಾಲು, ದರಕು, ಬೂದಿ: ಕೈಗಾದಿಂದ ನೂರು ಕಿಲೋಮೀಟರ್ ದೂರದಲ್ಲಿ

ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ, ನಾಲ್ಕು ಹಸು ಇಟ್ಟುಕೊಂಡಿರುವ ಓದುಗರೊಬ್ಬರು ಕೇಳಿದ್ದಾರೆ: ‘ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಇನ್ನೂ ಎರಡು ಘಟಕ ಬರುತ್ತಿವೆ. ಅಪಘಾತವಾದರೆ ಎಂದು ಮಾಡಿಟ್ಟ ತುರ್ತು ಯೋಜನೆಯ ಹದಿನಾರು ಕಿಲೋಮೀಟರಿನೊಳಗೆ ನಮ್ಮೂರಿಲ್ಲ. ಹಾಗಾದರೆ ನಾವು ನಿಶ್ಚಿಂತರೇ? ಅಯೋಡಿನ್ ಉಪ್ಪು ತಿನ್ನುವವರಿಗೆ ಅಪಘಾತದ ವೇಳೆ ಕೊಡುವ ಅಯೋಡಿನ್ ಮಾತ್ರೆ ಬೇಡ ಅನ್ನುತ್ತಾರೆ, ನಿಜವೇ? ಅಲ್ಲಿಯ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ?’

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಕೈಗಾದ ಈಗಿನ ನಾಲ್ಕೂ ಘಟಕಗಳು 220 ಮೆಗಾವಾಟಿನವು. ಇಂಧನವೆಂದರೆ ಹತ್ತೊಂಬತ್ತು ಕಡ್ಡಿಗಳನ್ನು ಸೇರಿಸಿದ, ಅರ್ಧ ಮೀಟರ್ ಉದ್ದದ ಕಟ್ಟು. ಒಂದು ರಿಯಾಕ್ಟರಿನಲ್ಲಿ 306 ಕೊಳವೆ, ಕೊಳವೆಗೆ 12 ಕಟ್ಟು. ಪೂರ್ತಿ ಶಕ್ತಿಯಲ್ಲಿ ನಡೆಯುವಾಗ ದಿನಕ್ಕೆ ಸರಾಸರಿ ಎಂಟರಷ್ಟು ಹಳೇ ಕಟ್ಟು ಹೊರಬರುತ್ತವೆ. ಒಳಗೆ ಹೋಗುವ ಹೊಸ ಕಟ್ಟನ್ನು ಕೈಗವಸು ಹಾಕಿಕೊಂಡು ಎತ್ತಬಹುದು. ಆಗತಾನೆ ಹೊರಬಂದ ಹಳೆಯದರ ಪಕ್ಕ ಅಡ್ಡವೇನೂ ಇಲ್ಲದೆ ಕೆಲವು ನಿಮಿಷ ನಿಂತವರು ಬದುಕುವುದಿಲ್ಲ. ಅದನ್ನು ಆಳದ ಕೊಳದಲ್ಲಿ ವರ್ಷಗಟ್ಟಲೆ ಮುಳುಗಿಸಿಡುತ್ತಾರೆ. ನೀರು ಅದರ ಕಾವನ್ನೂ ಹೀರಬೇಕು, ವಿಕಿರಣವನ್ನೂ ತಡೆಯಬೇಕು. ಕೊಳದ ನೀರನ್ನು ತಂಪು ಮಾಡುವ ಪಂಪು ಬಹುಕಾಲ ನಿಂತು, ಆವಿಯಾದಷ್ಟು ನೀರನ್ನು ತುಂಬದೇ ಹೋದರೆ ಎರಡೂ ರಕ್ಷಣೆ ಒಟ್ಟಿಗೇ ಹೋಗುತ್ತವೆ.

ತಣಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವ ಸ್ಥಾವರಗಳು ತಾರಾಪುರ, ಕಲ್ಪಾಕ್ಕಂಗಳಲ್ಲಿವೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗೆ ಎರೆದು ಗಟ್ಟಿ ಮಾಡುತ್ತಾರೆ. ಅದರ ಮುಂದೆ ದಾರಿಯಿಲ್ಲ. ಆ ಡಬ್ಬಿಗಳನ್ನು ಶಾಶ್ವತವಾಗಿ ಇಡುವ ಆಳದ ನೆಲೆ ಭಾರತದಲ್ಲಿ ಒಂದೂ ಇಲ್ಲ. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅಂಥ ನೆಲೆಗೆಂದು ಕೋಲಾರದ ಚಿನ್ನದ ಗಣಿಯ ಹೆಸರು ಬಂತು. ಕೆಜಿಎಫ್ ಜನ ಬೀದಿಗಿಳಿದ ಮೇಲೆ ಸರ್ಕಾರದ ಕಡೆಯವರು ಅಂಥ ಯೋಜನೆಯೇ ಇಲ್ಲ ಎಂದರು. ತೆಗೆದ ಮೇಲೂ ಚೂರುಪಾರು ಉಳಿಯುವ ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು 24,000 ವರ್ಷ ಬೇಕು. ಇಡುವ ಜಾಗ ಗೊತ್ತಾಗುವ ಮೊದಲೇ 700 ಮೆಗಾವಾಟಿನ ಇನ್ನೆರಡು ಘಟಕ ಕಟ್ಟುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ದೂರದ ಮಾತು. ಮಾಮೂಲಿ ದಿನಗಳಲ್ಲಿ ಕೈಗಾದಿಂದ ಸಾಗರಕ್ಕೆ ಬರುವ ವಿಕಿರಣಕ್ಕೆ ಹೆದರಬೇಕಿಲ್ಲ. ಊರಿನ ಪ್ರತಿ ಕ್ಯಾನ್ಸರನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ದೊಡ್ಡ ಅಪಘಾತದ ಲೆಕ್ಕವೇ ಬೇರೆ. ಗೆರೆ ಎಳೆದಂತೆ ಅಳೆದರೆ ಸಾಗರಕ್ಕೂ ಕೈಗಾಕ್ಕೂ ಸುಮಾರು ನೂರು ಕಿಲೋಮೀಟರ್, ಅದೂ ಆಗ್ನೇಯಕ್ಕೆ. ಬೇಸಿಗೆಯ ಮಧ್ಯಾಹ್ನ ಕರಾವಳಿಯ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಗಾಳಿಯಲ್ಲಿ ತೇಲಿಹೋಗುವುದನ್ನು ನೆಲಕ್ಕಿಳಿಸುವುದು ಮಳೆ. ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸಿಡಿದದ್ದು 1986ರ ಏಪ್ರಿಲ್ 26ಕ್ಕೆ. ಎರಡು ಸಾವಿರ ಕಿಲೋಮೀಟರ್ ಆಚೆ, ಮೋಡದ ಜೊತೆ ಮಳೆ ಕೂಡಿಬಂದ ಬ್ರಿಟನ್ನಿನ ವೇಲ್ಸ್ ಗುಡ್ಡಗಳಲ್ಲಿ ಕುರಿ ಮಾರಾಟದ ನಿರ್ಬಂಧ ಪೂರ್ತಿ ತೆಗೆದದ್ದು 2012ರಲ್ಲಿ. ಕೈಗಾದ್ದು ಆ ವಿನ್ಯಾಸದ ರಿಯಾಕ್ಟರ್ ಅಲ್ಲ, ಅದಕ್ಕೆ ಎರಡು ಪದರದ ಕಾಂಕ್ರೀಟ್ ಕವಚವಿದೆ. ಆದರೂ ಹದಿನಾರು ಕಿಲೋಮೀಟರಿನ ವೃತ್ತ ಜನರನ್ನು ಸಾಗಿಸುವ ಲೆಕ್ಕಕ್ಕೆ ಸರಿಹೋದೀತು, ಆಹಾರದ ಲೆಕ್ಕಕ್ಕೆ ಸಾಲದು.

ನಿಮ್ಮ ಮನೆಯಲ್ಲಿ ಮೊದಲ ಅಪಾಯ ಹಾಲು. ಅಪಘಾತದಲ್ಲಿ ಹೊರಬಿದ್ದು ಹುಲ್ಲಿನ ಮೇಲೆ ಕೂತ ವಿಕಿರಣಶೀಲ ಅಯೋಡಿನ್-131 ಒಂದೆರಡು ದಿನದಲ್ಲೇ ಹಸುವಿನ ಕೆಚ್ಚಲಿಗೆ ಬರುತ್ತದೆ, ಅಲ್ಲಿಂದ ಮಗುವಿನ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ. ಚೆರ್ನೋಬಿಲ್ ಸುತ್ತಲ ದೇಶಗಳಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡವು. ಅದರಲ್ಲಿ ದೊಡ್ಡ ಪಾಲಿನ ಹಿಂದೆ ಇದ್ದದ್ದು ಹಾಲು. ಹಾಗಾಗಿ ಎಚ್ಚರಿಕೆ ಬಂದ ಗಳಿಗೆಯಲ್ಲೇ ದನಗಳನ್ನು ಕೊಟ್ಟಿಗೆಗೆ ಕಟ್ಟಿ. ಬಣವೆಯ ಮೇಲಿನ ಪದರ ಬಿಟ್ಟು ಒಳಗಿನ ಒಣಹುಲ್ಲು ಹಾಕಿ. ಗುಡ್ಡದಿಂದ ಬರುವ ಅಬ್ಬಿ ನೀರಿನ ಪೈಪು ತಪ್ಪಿಸಿ, ಮುಚ್ಚಿದ ಬಾವಿಯದ್ದನ್ನೋ ಬೋರಿನದ್ದನ್ನೋ ಕುಡಿಸಿ. ಆ ದಿನಗಳ ಹಾಲನ್ನು ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕೊಡಲೇಬೇಡಿ. ಕಾಯಿಸಿದರೆ ವಿಕಿರಣ ಹೋಗುವುದಿಲ್ಲ. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ, ಎಂಬತ್ತು ದಿನಕ್ಕೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಅಯೋಡಿನ್, ಅದರ ಜೊತೆ ಬೀಳುವ ಇನ್ನೊಂದು ವಿಕಿರಣ ಧಾತು ಸೀಸಿಯಂ, ಎರಡೂ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುವುದರಿಂದ ತುಪ್ಪ ಮಾಡಿ ಮೂರು ತಿಂಗಳು ತೆಗೆದಿಟ್ಟರೆ ಆ ಹಾಲು ಪೂರ್ತಿ ದಂಡವಾಗದು.

ಉಪ್ಪಿನ ಮಾತು ಸುಳ್ಳು. ವಿಕಿರಣದ ಅಯೋಡಿನ್ನಿಗೆ ಜಾಗವಿಲ್ಲದಂತೆ ಥೈರಾಯ್ಡನ್ನು ಮಾಮೂಲಿ ಅಯೋಡಿನ್ನಿಂದ ಮೊದಲೇ ತುಂಬಿಸುವುದು ಮಾತ್ರೆಯ ಕೆಲಸ. ದೊಡ್ಡವರ ಒಂದು ಮಾತ್ರೆಯಲ್ಲಿ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಇರುತ್ತದೆ, ಅಂದರೆ 100 ಮಿಲಿಗ್ರಾಂ ಅಯೋಡಿನ್. ಕಿಲೋಗೆ 15 ಮಿಲಿಗ್ರಾಂ ಇರುವ ಉಪ್ಪಿನಿಂದ ಅಷ್ಟು ಸಿಗಬೇಕಾದರೆ ಆರು ಕಿಲೋ ಮೀರಿ ತಿನ್ನಬೇಕು. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರವ ಕುಡಿಯುವುದು ವಿಷ ಕುಡಿದ ಹಾಗೆ. ಮಾತ್ರೆಯಾದರೂ ವಿಕಿರಣ ತಾಕುವ ಮುಂಚೆ ಅಥವಾ ತಾಕಿದ ಕೆಲವೇ ಗಂಟೆಗಳಲ್ಲಿ ನುಂಗಿದರಷ್ಟೇ ಫಲ, ಅದೂ ಥೈರಾಯ್ಡಿಗೆ ಮಾತ್ರ. ನಲವತ್ತು ದಾಟಿದವರಿಗೆ ಪ್ರಯೋಜನ ಕಡಿಮೆ. ಆರೋಗ್ಯ ಇಲಾಖೆ ಹೇಳದೆ ತೆಗೆದುಕೊಳ್ಳಬೇಡಿ.

ಅಯೋಡಿನ್ ಮೂರು ತಿಂಗಳ ಕಾಟ. ಸೀಸಿಯಂ-137 ಅರ್ಧವಾಗಲು ಮೂವತ್ತು ವರ್ಷ. ಗಿಡ ಅದನ್ನು ಪೊಟ್ಯಾಷ್ ಎಂದೇ ತಿಳಿದು ಹೀರುತ್ತದೆ. ಪೊಟ್ಯಾಷ್ ಕಮ್ಮಿಯಿರುವ ಹುಳಿ ಮಣ್ಣಿನಲ್ಲಿ ಹೆಚ್ಚು ಹೀರುತ್ತದೆ, ಮಲೆನಾಡಿನಲ್ಲಿ ಅಂಥ ಮಣ್ಣು ಬೇಕಾದಷ್ಟಿದೆ. ಫುಕುಶಿಮಾ ಅಪಘಾತದ ನಂತರ ಜಪಾನಿನ ರೈತರು ಗದ್ದೆಗೆ ಹೆಚ್ಚುವರಿ ಪೊಟ್ಯಾಷ್ ಹಾಕಿ ಭತ್ತಕ್ಕೆ ಏರುವ ಸೀಸಿಯಂ ಇಳಿಸಿದರು. ಗದ್ದೆಗೆ ಈ ದಾರಿಯುಂಟು, ಕಾಡಿಗಿಲ್ಲ. ಸೀಸಿಯಂ ಕಾಡಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಅಣಬೆಯಲ್ಲಿ ನಿಲ್ಲುತ್ತದೆ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ದರಕು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ಅಡಿಕೆ ಬುಡಕ್ಕೆ ಹೋಗುವ ನಮ್ಮ ಪದ್ಧತಿ ಬೆಟ್ಟದಲ್ಲಿ ಹರಡಿಬಿದ್ದದ್ದನ್ನು ತೋಟದಲ್ಲಿ ಒಟ್ಟು ಮಾಡುತ್ತದೆ. ಬಚ್ಚಲೊಲೆ ಇನ್ನೂ ಚೊಕ್ಕವಾಗಿ ಇದೇ ಕೆಲಸ ಮಾಡುತ್ತದೆ: ನೂರು ಕಿಲೋ ಸೌದೆ ಉರಿದು ಒಂದೆರಡು ಕಿಲೋ ಬೂದಿ ಉಳಿದಾಗ ಸೌದೆಯ ಸೀಸಿಯಂ ಹೆಚ್ಚಿನಂಶ ಅದರಲ್ಲೇ ಕೂತಿರುತ್ತದೆ. ಅಂಥ ದಿನ ಬಂದರೆ ಬಿದ್ದದ್ದು ಎಷ್ಟೆಂದು ಅಳೆದು ಹೇಳುವ ತನಕ ದರಕು ತರಬೇಡಿ, ಅಣಬೆ ಕೀಳಬೇಡಿ. ಒಲೆಯ ಬೂದಿಯನ್ನು ಹಾರದಂತೆ ನೀರು ಚಿಮುಕಿಸಿ ಮುಚ್ಚಳದ ಡಬ್ಬಿಗೆ ತುಂಬಿಡಿ. ತೋಟಕ್ಕೂ ಬೇಡ, ಪಾತ್ರೆ ತಿಕ್ಕಲೂ ಬೇಡ.